ನನ್ನ ಬೆರಳಿನ ಕಳ್ಳ ಶಾಯಿ

ನಮ್ಮೂರು ಕಬಿತೂನಿನಲ್ಲಿ ಜೀಪಿಗೆ ಕಾಯುವ ತಂಗುದಾಣದ ಮೇಲೆ ಲಗ್ರೋಸಾ ಅಂತ ಬರೆದಿದೆ. ಬಾಸ್ಕೆಟ್‌ಬಾಲ್ ಹಲಗೆಯ ಮೇಲೆ ಲಗ್ರೋಸಾ. ಚರಂಡಿ ಮುಚ್ಚಿದ ಚಪ್ಪಡಿಗಳ ಮೇಲೆ, ಸಿಮೆಂಟು ಹಸಿಯಿದ್ದಾಗಲೇ ಕೋಲಿನಿಂದ ಗೀಚಿ, ಲಗ್ರೋಸಾ. ಸಾವಿನ ಮನೆಯ ಮುಂದೆ ಹಾಕುವ ಶಾಮಿಯಾನದ ನಾಲ್ಕೂ ಅಂಚಿಗೆ ಅದೇ ಹೆಸರು, ಊರಾಳುವ ಮನೆತನದ್ದು. ನಮ್ಮಪ್ಪ ಸತ್ತಾಗ ಒಂಬತ್ತು ದಿನ ಅದರ ಕೆಳಗೆ ಕೂತು ಆ ಹೆಸರನ್ನೇ ಓದಿದೆ. ಆಗ ನನಗೆ ಹದಿನಾಲ್ಕು. ಎಂಟನೇ ಕ್ಲಾಸು ಅಲ್ಲಿಗೇ ಮುಗಿಯಿತು, ಸಿಟ್ಟು ಅಲ್ಲಿಂದ ಶುರುವಾಯಿತು.

ಹದಿನೆಂಟಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದೆ. ಒಂದು ಸಲ ಓಟು ಹಾಕಿದೆ. ಪೇಟೆಯ ಮೇಯರ್ ಸ್ಥಾನಕ್ಕೆ ನಾನು ಹಾಕಿದವನು ಗೆದ್ದು ಆರು ತಿಂಗಳಿಗೆ ಹೊಸ ಜೀಪು ತಂದ. ಅಲ್ಲಿಗೆ ನನಗೆ ಸಾಕಾಯಿತು. ಆಮೇಲೆ ಎರಡು ಚುನಾವಣೆ ಬಂದವು, ಎರಡಕ್ಕೂ ಹೋಗಲಿಲ್ಲ. ಆ ದಿನಗಳಲ್ಲಿ ನನ್ನ ಟ್ರೈಸಿಕಲ್ಲನ್ನು, ಅಂದರೆ ಪಕ್ಕಕ್ಕೆ ಸೀಟು ಜೋಡಿಸಿದ ಬಾಡಿಗೆ ಬೈಕನ್ನು, ಶಾಲೆಯ ಗೇಟಿನ ಎದುರಿಗೇ ನಿಲ್ಲಿಸಿ, ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಮಲಗಿ, ಓಟು ಹಾಕಲು ಒಳಗೆ ಹೋಗುವವರನ್ನೆಲ್ಲ ಕುರಿಗಳು ಅಂತ ಕರೆಯುತ್ತಿದ್ದೆ. ಮತಗಟ್ಟೆಯ ಕೆಲಸಕ್ಕೆ ಪ್ರತಿ ಸಲ ಕೂರುವ ಎಲ್ಪಿ ಟೀಚರ್ ಒಮ್ಮೆ ಸಂತೆಯಲ್ಲಿ ಸಿಕ್ಕಿ ಹೇಳಿದ್ದರು: ಎರಡು ಸಲ ತಪ್ಪಿಸಿದ್ದೀಯ, ನಿನ್ನ ಹೆಸರು ಪಟ್ಟಿಯಿಂದ ತೆಗೀತಾರೆ, ಪೇಟೆಗೆ ಹೋಗಿ ಅರ್ಜಿ ಕೊಡು. ಕಳ್ಳರನ್ನು ಆರಿಸುವ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದಿದ್ದರೇ ಗೌರವ ಅಂದೆ. ಅವರು ತಮ್ಮ ಮೀನಿನ ಚೀಲ ಎತ್ತಿಕೊಂಡು ಹೋದರು.

ಇದಾದ ಮೇಲೆ ನಮ್ಮ ಟಿಯಾ ಕ್ಯಾಪ್ಟನ್, ಅಂದರೆ ಊರಿನ ಮುಖ್ಯಸ್ಥರ, ಚುನಾವಣೆಗೆ ನಿಂತಳು.

ಟಿಯಾ ಅಂದರೆ ಅತ್ತೆ; ಟಿಯಾ ಡಾಮಿಂಗ್ ನಮ್ಮಪ್ಪನ ಅಕ್ಕ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು. ಹದಿನೆಂಟು ವರ್ಷದಿಂದ ಊರಿನ ಆರೋಗ್ಯ ಕಾರ್ಯಕರ್ತೆ. ಕಬಿತೂನಿನಲ್ಲಿ ಹದಿನೆಂಟರೊಳಗಿನ ಯಾರನ್ನು ಕೇಳಿದರೂ ಕೂಸಾಗಿದ್ದಾಗ ಅವರನ್ನು ಮೊದಲು ತೂಗಿದವಳು ಅವಳೇ. ಅವಳಿಗೆ ಬೇಕಿದ್ದದ್ದು ಒಂದೇ ಒಂದು. ಬೆಟ್ಟದ ಊಟೆಯಿಂದ ಬರುವ ನೀರಿನ ಕೊಳವೆ ಕೆಳಕೇರಿಯನ್ನೆಲ್ಲ ಸುತ್ತಿ ಕ್ಯಾಪ್ಟನ್ ಸೆಬಿಯೊ ಲಗ್ರೋಸಾನ ಹಂದಿಗೂಡಿಗೆ ಬಂದು ನಿಂತುಬಿಟ್ಟಿತ್ತು. ಅಲ್ಲಿಂದ ಮುನ್ನೂರು ಮೀಟರು ಮೇಲೆ ನಮ್ಮ ಮೇಲುಕೇರಿ, ನಲವತ್ತೊಂದು ಮನೆ. ಆ ಮುನ್ನೂರು ಮೀಟರನ್ನು ಹೆಂಗಸರು ದಿನಕ್ಕೆ ನಾಲ್ಕು ಸಲ ಡಬ್ಬ ಹೊತ್ತು ಹತ್ತಬೇಕು. ಟಿಯಾಗೆ ಅರವತ್ತೊಂದು ವರ್ಷ, ಎಡಮೊಣಕಾಲು ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಲಟಕ್ ಅನ್ನುತ್ತದೆ. ಹಂದಿಗಳಿಗೆ ದಿನಕ್ಕೆರಡು ಸ್ನಾನ. ನಾನು ಸಿಟ್ಟುಗೊಂಡೆ ಅಂದರೆ ಸುಮ್ಮನೆ ಅಲ್ಲ.

ಸೆಬಿಯೊ ಒಂದೇ ಸಮ ಮೂರು ಅವಧಿ ಕ್ಯಾಪ್ಟನ್ ಆಗಿದ್ದ, ನಾಲ್ಕನೆಯದಕ್ಕೆ ಕಾನೂನು ಬಿಡುವುದಿಲ್ಲ. ಕುರ್ಚಿಯ ಬಿಸಿ ಆರಬಾರದಲ್ಲ, ಹೆಂಡತಿಯನ್ನು ನಿಲ್ಲಿಸಿದ. ಮನಾಂಗ್ ಲೆಟಿ, ಅಂದರೆ ಲೆಟಿ ಅಕ್ಕ, ಒಳ್ಳೆಯ ಹೆಂಗಸು. ನಮ್ಮ ಟಿಯಾಗೆ ಕೊಮಾರೆ ಬೇರೆ, ಅವರ ಎರಡನೇ ಮಗಳಿಗೆ ನಾಮಕರಣದಲ್ಲಿ ಟಿಯಾನೇ ಧರ್ಮತಾಯಿ; ಇಬ್ಬರೂ ಒಬ್ಬರನ್ನೊಬ್ಬರು ಮಾರೆ ಅಂತಲೇ ಕರೆಯುವುದು. ಅವರ ಪ್ರಚಾರದ ಬ್ಯಾನರು ನೋಡಬೇಕಿತ್ತು. ನಿಂತವರು ಲೆಟಿ, ಆದರೆ ಬ್ಯಾನರಿನ ಮುಕ್ಕಾಲು ಭಾಗ ಸೆಬಿಯೊನ ಮುಖ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಹೆಂಡತಿ.

"ಎದುರಾಳಿ ಯಾರು ಅಂತಾನೇ ಗೊತ್ತಾಗಲ್ಲ, ಟಿಯಾ," ಅಂದೆ. "ಗಂಡನಾ, ಹೆಂಡತಿನಾ?"

"ಅದರ ಬಟ್ಟೆ ಗಟ್ಟಿಯಾಗಿದೆ ಕಣೋ," ಅಂದಳು ಅವಳು. "ಮುಗಿದ ಮೇಲೆ ಒಂದು ಕೇಳಿ ಇಸ್ಕೊಂಡು ಬಾ. ಕೋಳಿಗೂಡು ಸೋರ್ತಾ ಇದೆ."

ಟಿಯಾಗೆ ಬ್ಯಾನರು ಇರಲಿಲ್ಲ. ನಾನಿದ್ದೆ. ನಲವತ್ತು ದಿನ ಟ್ರೈಸಿಕಲ್ಲಿಗೆ ರಟ್ಟಿನ ಹಲಗೆ ಕಟ್ಟಿಕೊಂಡು ಊರೆಲ್ಲ ಸುತ್ತಿದೆ. ಮನೆಮನೆಗೆ ಹೋಗಿ ಬೈದೆ. ಓಟು ಹಾಕದವನು ಹಂದಿಗಿಂತ ಕಡೆ, ಹಂದಿಗಾದರೂ ನೀರು ಬರುತ್ತದೆ ಅಂದೆ. ಸೆಬಿಯೊನ ಕಡೆಯವರು ಮನೆಗೆ ಎರಡು ಕಿಲೋ ಅಕ್ಕಿ, ನಾಲ್ಕು ಡಬ್ಬಿ ಮೀನು ಹಂಚಿದಾಗ ವಾಪಸ್ಸು ಎಸೆಯಿರಿ ಅಂತ ಕೂಗಾಡಿದೆ. ಟಿಯಾ ನನ್ನನ್ನು ಬದಿಗೆ ಸರಿಸಿ, ತಿನ್ನಿ, ಅಕ್ಕಿಯ ಮೇಲೇನು ಕೋಪ, ಒಳಗೆ ಹೋದಾಗ ನಿಮಗೆ ಬೇಕಾದವರ ಹೆಸರು ಬರೀರಿ ಅಂದಳು. ನಮ್ಮ ಮನೆಗೂ ಬಂದಿತ್ತು ಆ ಅಕ್ಕಿ. ಚೆನ್ನಾಗಿ ಅರಳಿತು, ಸುಳ್ಳು ಯಾಕೆ ಹೇಳಲಿ.

ಈ ನಲವತ್ತು ದಿನದಲ್ಲಿ ನನ್ನ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೋಡಬೇಕು ಅನ್ನುವುದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಪಟ್ಟಿ ಶಾಲೆಯ ಗೋಡೆಗೇ ಅಂಟಿಸಿತ್ತು. ಅದರ ಮುಂದೆ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದೆ.

ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ ಮೇಲುಕೇರಿಯ ಮುದುಕಿಯರನ್ನೆಲ್ಲ ಕೆಳಗಿಳಿಸಿದೆ. ಒಂದು ಟ್ರಿಪ್ಪಿಗೆ ಐದು ಜನ, ಎರಡು ಊರುಗೋಲು. ಹನ್ನೊಂದರ ಹೊತ್ತಿಗೆ ಅವರದೆಲ್ಲ ಮುಗಿಯಿತು. ಆಮೇಲೆ ಕೂದಲು ಬಾಚಿಕೊಂಡು ನಾನೂ ಮತಗಟ್ಟೆಗೆ ಹೋದೆ. ಎಲ್ಪಿ ಟೀಚರ್ ಸ್ಕೇಲು ಇಟ್ಟು ಪಟ್ಟಿಯಲ್ಲಿ ಒಂದೊಂದೇ ಸಾಲು ಇಳಿದರು. ಮತ್ತೆ ಮೇಲೆ ಹೋದರು. ಮತ್ತೆ ಇಳಿದರು. ಕೊನೆಗೆ ಕನ್ನಡಕ ತೆಗೆದು ನನ್ನ ಮುಖ ನೋಡಿದರು.

"ಇಲ್ಲ, ನೊಯ್," ಅಂದರು ಮೆಲ್ಲಗೆ. "ನಾನು ಆವತ್ತೇ ಹೇಳಿದ್ದೆನಲ್ಲ."

ಅವರು ಗದರಿದ್ದರೆ ನಾನೂ ಕೂಗಾಡಬಹುದಿತ್ತು. ಅವರ ದನಿ ಅಷ್ಟು ಮೆತ್ತಗಿದ್ದಾಗ ಏನು ಮಾಡುವುದು? ನನ್ನ ಹಿಂದೆ ಸಾಲಿನಲ್ಲಿ ನಾನು ಬೈದು ಎಬ್ಬಿಸಿದ ಜನವೇ ನಿಂತಿದ್ದರು. ಏನೋ ಮರೆತವನ ಹಾಗೆ ಜೇಬು ಮುಟ್ಟಿ ನೋಡಿಕೊಂಡು ಹಿಂದಿನ ಬಾಗಿಲಿಂದ ಹೊರಗೆ ಬಂದೆ.

ಹೊರಗೆ ಬಂದರೆ ಎಲ್ಲರ ಬಲತೋರುಬೆರಳಿಗೂ ಶಾಯಿ, ಉಗುರಿನಿಂದ ಗೆಣ್ಣಿನ ತನಕ ನೇರಳೆ. ಟಿಯಾ ಗೇಟಿನ ಹತ್ತಿರದ ಬಾದಾಮಿ ಮರದ ಕೆಳಗೆ ಕೂತು ಬಂದವರ ಜೊತೆ ನಗುತ್ತಾ ಇದ್ದಳು. ಅವಳೆದುರಿಗೆ ಬರಿಬೆರಳು ಹೊತ್ತುಕೊಂಡು ಹೇಗೆ ಹೋಗಲಿ? ಲೂಸಿಂಗಳ ಅಂಗಡಿಗೆ ಹೋಗಿ ದರಪಟ್ಟಿ ಬರೆಯುವ ನೇರಳೆ ಮಾರ್ಕರು ಕೇಳಿ ಇಸ್ಕೊಂಡೆ. ಅಂಗಡಿಯ ಹಿಂದೆ, ಐಸು ಪೆಟ್ಟಿಗೆಯ ಮರೆಯಲ್ಲಿ ನಿಂತು, ನನ್ನ ಬೆರಳಿಗೆ ನಾನೇ ಬಣ್ಣ ಹಚ್ಚಿಕೊಂಡೆ. ಇಪ್ಪತ್ತಾರು ವರ್ಷದ ಗಂಡಸು. ಊರಿಗೆಲ್ಲ ಬುದ್ಧಿ ಹೇಳಿದವನು.

ಮೂರು ಗಂಟೆಗೆ ಮತದಾನ ಮುಗಿದು ಎಣಿಕೆ ಶುರುವಾಯಿತು. ನಮ್ಮಲ್ಲಿ ಊರ ಚುನಾವಣೆಗೆ ಯಂತ್ರವಿಲ್ಲ, ಚೀಟಿಯ ಮೇಲೆ ಹೆಸರು ಕೈಯಲ್ಲೇ ಬರೆಯಬೇಕು. ಎಲ್ಪಿ ಟೀಚರ್ ಒಂದೊಂದೇ ಚೀಟಿ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬ ಮೇಷ್ಟ್ರು ಗೋಡೆಯ ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಕಿಟಕಿಯ ಸರಳಿಗೆ ಊರೇ ನೇತುಬಿದ್ದಿತ್ತು. ಓಸೆರಿನ್, ಅಂದರೆ ನಮ್ಮ ಟಿಯಾ. ಲಗ್ರೋಸಾ. ಲಗ್ರೋಸಾ. ಓಸೆರಿನ್. ಒಮ್ಮೆ ಅವರು ಹತ್ತು ಮುಂದೆ, ಒಮ್ಮೆ ನಾವು ಆರು. ಕೊನೆಯ ಚೀಟಿ ಓದಿದಾಗ ಇನ್ನೂ ಬೆಳಕಿತ್ತು. ಓಸೆರಿನ್. ಮೇಷ್ಟ್ರು ಗೀಟು ಎಳೆದರು, ಎರಡು ಹಾಳೆಯನ್ನೂ ಎಣಿಸಿದರು, ಇನ್ನೊಮ್ಮೆ ಎಣಿಸಿದರು.

ನೂರ ಎಂಬತ್ತೇಳು. ನೂರ ಎಂಬತ್ತೇಳು.

ಜನ ನಗಲು ಶುರು ಮಾಡಿದರು. ನಾನು ಮಾತ್ರ ಮಾರ್ಕರು ಹಚ್ಚಿದ ಬೆರಳನ್ನು ಕಿಸೆಗೆ ತುರುಕಿದೆ. ಒಂದು ಓಟು. ಒಂದೇ ಒಂದು. ಅದು ನನ್ನದಾಗಿರಬೇಕಿತ್ತು.

ಸಮಸಮ ಬಂದರೆ ಚೀಟಿ ಎತ್ತಬೇಕು ಅನ್ನುವುದು ಕಾನೂನು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲೇ ಅಂತ ಟೀಚರ್ ಸಾರಿದರು. ಮನೆಗೆ ಬಂದು ಊಟಕ್ಕೆ ಕೂತೆವು. ಒಣಮೀನು, ಅನ್ನ, ಹುಳಿ ಹಾಕಿದ ಬೆಂಡೆಕಾಯಿ. ಟಿಯಾ ಎರಡು ಸಲ ಬಡಿಸಿದಳು. ನಾನು ಅನ್ನ ಕಲಸುತ್ತಲೇ ಕೂತೆ. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, ನಾಳೆ ಮೂರು ಕೂಸುಗಳನ್ನು ತೂಗುವುದಿದೆ, ಚೀಟಿ ಬೇಗ ಮುಗಿದರೆ ಸಾಕು ಅಂದಳು. ಬಾಯಿಗೆ ಒಂದು ತುತ್ತು ತುರುಕಿಕೊಂಡೆ.

ಬೆಳಿಗ್ಗೆ ಶಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಎಲ್ಪಿ ಟೀಚರ್ ಎಲ್ಲರೆದುರು ಒಂದೇ ಅಳತೆಯ ಎರಡು ಕಾಗದ ಕತ್ತರಿಸಿದರು. ಒಂದರ ಮೇಲೆ ಗೆದ್ದವರು ಅಂತ ಬರೆದರು, ಇನ್ನೊಂದು ಖಾಲಿ. ಎರಡನ್ನೂ ಸುರುಳಿ ಸುತ್ತಿ, ಸೀಮೆಸುಣ್ಣದ ಡಬ್ಬಿ ಖಾಲಿ ಮಾಡಿ, ಅದರೊಳಗೆ ಹಾಕಿ ಕುಲುಕಿದರು.

"ಯಾರು ಮೊದಲು?" ಅಂದರು.

ಸೆಬಿಯೊ ಹೆಂಡತಿಯ ಬೆನ್ನಿಗೆ ಮೊಣಕೈ ಒತ್ತಿ, ಹೋಗು, ನೀನು ಮೊದಲು ಎತ್ತು ಅಂತ ಪಿಸುಗುಟ್ಟಿದ್ದು ನನಗೇ ಕೇಳಿಸಿತು. ಮನಾಂಗ್ ಲೆಟಿ ಕದಲಲಿಲ್ಲ. ಟಿಯಾ ಕಡೆಗೆ ತಿರುಗಿದರು.

"ನೀನು ತೆಗಿ, ಮಾರೆ. ವಯಸ್ಸಲ್ಲಿ ದೊಡ್ಡವಳು."

"ಎರಡೇ ವರ್ಷ," ಅಂದಳು ಟಿಯಾ.

"ಮೊಣಕಾಲು ಇಪ್ಪತ್ತು ವರ್ಷ ದೊಡ್ಡದಿದೆ. ತೆಗಿ."

ಜನ ಘೊಳ್ಳೆಂದು ನಕ್ಕರು. ಟಿಯಾ ಲಟಕ್ ಅಂತ ಎದ್ದು ಹೋಗಿ ಡಬ್ಬಿಯೊಳಗೆ ಕೈ ಹಾಕಿದಳು. ನಾನು ದೇವರ ಹತ್ತಿರ ಏನೂ ಕೇಳಿದವನಲ್ಲ, ಆಗ ಕೇಳಿದೆ. ಅವಳ ಕೈ ಹೊರಗೆ ಬಂತು. ನೇರಳೆ ಬೆರಳಿನ ಮೇಲೆ ಸೀಮೆಸುಣ್ಣದ ಬಿಳಿ ಪುಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಳು, ಸುರುಳಿಯನ್ನು ಬಿಚ್ಚದೆ ಟೀಚರಿಗೇ ಕೊಟ್ಟಳು. ಟೀಚರ್ ಬಿಡಿಸಿದರು. ನೋಡಿದರು. ಜನರ ಕಡೆಗೆ ತಿರುಗಿಸಿ ಹಿಡಿದರು.

ಗೆದ್ದವರು.

ಆಮೇಲಿನ ಗಲಾಟೆ ನನಗೆ ಸರಿಯಾಗಿ ನೆನಪಿಲ್ಲ. ಮೇಲುಕೇರಿಯ ಮುದುಕಿಯೊಬ್ಬಳು ಊರುಗೋಲಿನಿಂದ ಡೆಸ್ಕು ಬಡಿಯುತ್ತಿದ್ದಳು. ಸೆಬಿಯೊ ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಜೀಪು ಹತ್ತಿ, ಹೆಂಡತಿಯನ್ನು ಅಲ್ಲೇ ಬಿಟ್ಟು, ಧೂಳೆಬ್ಬಿಸಿ ಹೋದ. ಲೆಟಿ ಮತ್ತು ಟಿಯಾ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಏನೋ ಮಾತಾಡಿಕೊಂಡರು. ಗೆದ್ದರೂ ನಾನು ಕುಣಿಯಲು ಹೋಗಲಿಲ್ಲ. ಚೀಟಿ ಇನ್ನೊಂದು ಬಂದಿದ್ದರೆ? ಡಬ್ಬಿ ಕೊಟ್ಟ ಗೆಲುವು ಅದು, ನಾನು ಕೊಟ್ಟದ್ದಲ್ಲ.

ನಾನು ಟ್ರೈಸಿಕಲ್ ಹತ್ತಿರ ನಿಂತಿದ್ದಾಗ ಮನಾಂಗ್ ಲೆಟಿ ಬಂದರು.

"ನಮ್ಮನೆ ತನಕ ಬಿಡ್ತೀಯಾ, ನೊಯ್? ಇಲ್ಲಾ ಸೋತವರನ್ನ ಹತ್ತಿಸ್ಕೊಳ್ಳಲ್ವಾ?"

ನಲವತ್ತು ದಿನ ಆ ಮನೆತನಕ್ಕೆ ಬಾಯಿಗೆ ಬಂದದ್ದು ಅಂದಿದ್ದೆ. ತಲೆ ತಗ್ಗಿಸಿ ಸೀಟು ಒರೆಸಿಕೊಟ್ಟೆ. ದಾರಿಯುದ್ದಕ್ಕೂ ಅವರ ಗಂಡನ ಮುಖ ವಿದ್ಯುತ್ ಕಂಬಗಳಿಂದ ನಗುತ್ತಿತ್ತು. ಅರ್ಧ ದಾರಿಯಲ್ಲಿ ಅವರು ನನ್ನ ಹ್ಯಾಂಡಲ್ ಹಿಡಿದ ಕೈಯನ್ನೇ ನೋಡುತ್ತಿದ್ದರು ಅನ್ನುವುದು ಗೊತ್ತಾಯಿತು. ನಾನೂ ನೋಡಿದೆ. ಒಂದು ರಾತ್ರಿ, ಒಂದು ಸ್ನಾನ, ಬೆಳಗಿನ ಬೆವರು. ಮಾರ್ಕರು ಉಗುರಿನ ಸಂದಿಯಲ್ಲಿ ಒಂದು ಗೆರೆಯಷ್ಟು ಉಳಿದಿತ್ತು. ಅವರದು ಗೆಣ್ಣಿನ ತನಕ ಕಡುನೇರಳೆ, ಎರಡು ವಾರ ತಿಕ್ಕಿದರೂ ಹೋಗದ್ದು.

"ಲೂಸಿಂಗಳ ಮಾರ್ಕರಾ?" ಅಂದರು.

ಗಾಡಿ ಒಂದು ಹಳ್ಳಕ್ಕೆ ಇಳಿಯಿತು.

"ನಿನ್ನೆ ನಿನ್ನ ಹಿಂದೆ ಸಾಲಲ್ಲಿ ನಾಲ್ಕನೆಯವಳು ನಾನೇ. ನೀನು ಹಿಂದಿನ ಬಾಗಿಲಿಂದ ಹೋಗಿದ್ದು ನೋಡಿದೆ. ಆ ಬಾಗಿಲಲ್ಲಿ ಶಾಯಿ ಇಡಲ್ಲ, ನೊಯ್."

ಗಾಡಿ ನಿಲ್ಲಿಸಿದೆ. ನಿಲ್ಲಿಸಿದ್ದು ಬೇಕಂತಲ್ಲ, ಕೈ ತಾನಾಗಿ ನಿಲ್ಲಿಸಿತು. ಎದುರಿಗೇ ಆ ಹಾಳು ತಂಗುದಾಣ. ಹೇಳಿಕೊಂಡೆ, ಎಲ್ಲವನ್ನೂ. ಎರಡು ಚುನಾವಣೆ, ಕುರಿಗಳು, ಪಟ್ಟಿ, ಐಸು ಪೆಟ್ಟಿಗೆಯ ಮರೆ. ಒಂದು ಓಟಿಗೆ ಟಿಯಾಳ ನೀರು ಹೋಗಿಬಿಡುತ್ತಿತ್ತು ಅಂದೆ. ನನ್ನ ದನಿ ಒಡೆಯಿತು, ಅದಕ್ಕೂ ಸಿಟ್ಟು ಬಂತು.

ಅವರು ಸೀಟಿನಲ್ಲಿ ಆರಾಮಾಗಿ ಒರಗಿ ಕೂತರು.

"ಹದಿನೆಂಟು ವರ್ಷ ಆಯ್ತು, ನನ್ನ ಅಡುಗೆಮನೆಯಲ್ಲಿ ನಾನೊಬ್ಬಳೇ ಕೂತು ಕಾಫಿ ಕುಡಿದು. ಮೊದಲು ಮಾವ ಕ್ಯಾಪ್ಟನ್ನು, ಆಮೇಲೆ ಗಂಡ. ಬೆಳಿಗ್ಗೆ ಎದ್ದರೆ ಹನ್ನೆರಡು ಜನ ಮೇಜಿನ ಸುತ್ತ. ಅವನ ಜಗಳ, ಇವನ ಹುಂಜ, ಇನ್ನೊಬ್ಬನ ಸಹಿ. ಈಗ ನನ್ನನ್ನೇ ನಿಲ್ಲಿಸಿದ. ಬೇಡ ಅಂದೆ, ಕೇಳಲಿಲ್ಲ. ಬ್ಯಾನರಲ್ಲೂ ಕೇಳಲಿಲ್ಲ, ನೋಡಿದೆಯಲ್ಲ."

"ನೋಡಿದೆ."

"ಚೀಟಿ ಹಿಡಿದು ಆ ಮರೆಯೊಳಗೆ ಕೂತಾಗ ಮಾತ್ರ ಪಕ್ಕದಲ್ಲಿ ಅವನಿರಲಿಲ್ಲ." ತಮ್ಮ ನೇರಳೆ ಬೆರಳು ಎತ್ತಿ ತೋರಿಸಿದರು. "ಡಾಮಿಂಗ್ ಹೆಸರು ಬರೆದೆ. ನಿನ್ನ ಓಟು ನಾನು ಹಾಕಿದ್ದೀನಿ ಅಂತ ತಿಳ್ಕೋ."

ನಾನು ಲೆಕ್ಕ ಹಾಕಿದೆ. ಎಂಟನೇ ಕ್ಲಾಸಿನವನಿಗೂ ಬರುವ ಲೆಕ್ಕ. ಅವರು ತಮ್ಮ ಹೆಸರು ತಾವು ಬರೆದುಕೊಂಡಿದ್ದರೆ ಎರಡು ಓಟಿನಿಂದ ಗೆಲ್ಲುತ್ತಿದ್ದರು. ಡಬ್ಬಿಯೂ ಇಲ್ಲ, ಸೀಮೆಸುಣ್ಣವೂ ಇಲ್ಲ. ನಾನು ಒಂದು ಓಟಿನ ಗುಂಡಿ ತೋಡಿದ್ದೆ. ಅದನ್ನು ಲಗ್ರೋಸಾ ಅನ್ನುವ ಹೆಸರಿನವರೇ ಮುಚ್ಚಿದ್ದರು. ಹನ್ನೆರಡು ವರ್ಷ ಜೋಪಾನವಾಗಿ ಸಾಕಿದ ಸಿಟ್ಟನ್ನು ಎಲ್ಲಿ ಇಡಲಿ ಅಂತ ಗೊತ್ತಾಗದೆ, ನಾನು ನಕ್ಕೆ. ಅವರೂ ನಕ್ಕರು. ತಂಗುದಾಣದಲ್ಲಿ ಮಲಗಿದ್ದ ನಾಯಿ ಎದ್ದು ನೋಡಿತು.

"ನನ್ನ ಗಂಡ ಬದುಕಿರೋ ತನಕ ಇದು ಯಾರ ಕಿವಿಗೂ ಹೋಗಬಾರದು," ಅಂದರು ಇಳಿಯುವಾಗ. "ಡಾಮಿಂಗ್ ಕಿವಿಗೂ. ಮತ್ತೆ, ಹೆಸರು ಬರೆಸೋಕೆ ಪೇಟೆಯಲ್ಲಿ ಕಿಟಕಿ ತೆರೆದ ದಿನ ಮೊದಲನೆಯವನಾಗಿ ಹೋಗಿ ನಿಲ್ಲು. ಎರಡನೇ ಸಲ ನಿನ್ನದು ನಾನು ಹಾಕಲ್ಲ."

ಬಾಡಿಗೆ ಕೊಡಲು ಪರ್ಸು ತೆಗೆದರು. ಬೇಡ ಅಂದೆ, ಅದರ ಬದಲು ಒಂದು ಬ್ಯಾನರು ಕೊಡಿ ಅಂತ ಕೇಳಿದೆ. ದೊಡ್ಡದನ್ನೇ ಬಿಚ್ಚಿಸಿ ಕೊಟ್ಟರು. ಇವತ್ತಿಗೂ ನಮ್ಮ ಕೋಳಿಗಳು ಸೆಬಿಯೊನ ಮುಖದ ಕೆಳಗೆ ಮಲಗುತ್ತವೆ. ಒಂದು ಹನಿ ಸೋರುವುದಿಲ್ಲ.

ಮಾತು ಉಳಿಸಿಕೊಂಡಿದ್ದೇನೆ. ಸೆಬಿಯೊ ಹೋದ ವರ್ಷ ತೀರಿಕೊಂಡ. ಅವನದೇ ಶಾಮಿಯಾನದ ಕೆಳಗೆ ಒಂಬತ್ತು ದಿನ ನಾನೂ ಕೂತೆ, ಕಾಫಿ ಹಂಚಿದೆ. ಈ ಕತೆಯನ್ನು ಮನಾಂಗ್ ಲೆಟಿಯನ್ನು ಕೇಳಿಯೇ ಬರೆದದ್ದು.

ಆ ಚುನಾವಣೆಯ ಮೇಲೆ ಪೇಟೆಯಲ್ಲಿ ಕಿಟಕಿ ತೆರೆದ ದಿನವೇ ಹೋಗಿದ್ದೆ. ಮೊದಲನೆಯವನಾಗಲಿಲ್ಲ, ಮೂರನೆಯವನು. ಬೆರಳು ಯಂತ್ರದ ಮೇಲೆ ಒತ್ತು ಅಂದರು, ಒತ್ತಿದೆ; ಕ್ಯಾಮೆರಾ ನೋಡಿ ನಗಬೇಡ ಅಂದರು, ಅದು ಸುಲಭವಾಯಿತು. ಸಂಜೆ ಬಂದು ಅರ್ಜಿಯ ರಶೀದಿಯನ್ನು ಟಿಯಾ ಮುಂದೆ ಇಟ್ಟೆ. ನನ್ನ ಪಾಲಿನ ತಪ್ಪನ್ನಷ್ಟೇ ಒಪ್ಪಿಕೊಂಡೆ. ಅವಳು ಮೇಲುಕೇರಿಯ ಕೊಳವೆಯ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ನಾಲ್ಕು ಮೂಲೆಗೂ ಮೀನಿನ ಡಬ್ಬಿ ಇಟ್ಟು ಕೂತಿದ್ದಳು. ಕನ್ನಡಕದ ಮೇಲಿನಿಂದ ನೋಡಿದಳು.

"ನನಗೆ ಆವತ್ತು ಸಂಜೆನೇ ಗೊತ್ತಾಯ್ತಲ್ಲ."

"ಹೇಗೆ?"

"ನಿನ್ನ ತಟ್ಟೆಯಲ್ಲಿ ಅನ್ನ ನೇರಳೆ ಆಗಿತ್ತು. ನನ್ನ ತಟ್ಟೆಯಲ್ಲಿ ಬೆಳ್ಳಗಿತ್ತು." ಒಂದು ಡಬ್ಬಿಯನ್ನು ಸ್ವಲ್ಪ ಸರಿಸಿ ನಕ್ಷೆ ನೇರ ಮಾಡಿದಳು. "ಹೊಟ್ಟೆಗೆ ಏನಾದರೂ ಆದೀತು ಅಂತ ಹುಳಿ ಎರಡು ಸಲ ಬಡಿಸಿದೆ."

ಫೆಬ್ರವರಿಯಲ್ಲಿ ಕೊಳವೆ ಹಂದಿಗೂಡು ದಾಟಿತು. ಮೇಲುಕೇರಿಯ ಕೊಳಾಯಿ ಕಟ್ಟೆಗೆ ಸಿಮೆಂಟು ಬಳಿದವನು ನಾನೇ. ಹಸಿಯಿದ್ದಾಗ ಒಂದು ಕಡ್ಡಿ ತಗೊಂಡು ಓಸೆರಿನ್ ಅಂತ ಬರೆಯಲು ಬಗ್ಗಿದೆ. ಟಿಯಾ ಹಿಂದಿನಿಂದ ಬಂದು ಕೈಗೆ ಪಟ್ಟಂತ ಒಂದು ಕೊಟ್ಟಳು. ಕಡ್ಡಿ ಎಸೆದೆ. ನಾವು ಮಾತಾಡುತ್ತಾ ನಿಂತಾಗ ನಮ್ಮದೇ ಒಂದು ಕೋಳಿ ಕಟ್ಟೆ ಹತ್ತಿ ಈ ಕಡೆಯಿಂದ ಆ ಕಡೆಗೆ ನಡೆದುಕೊಂಡು ಹೋಯಿತು. ಅದರ ಕಾಲಿನ ಗುರುತು ಅಲ್ಲಿ ಈಗಲೂ ಇದೆ. ಬೇರೆ ಯಾವ ಹೆಸರೂ ಇಲ್ಲ.